ಅಕ್ಕನ ಮನೆಯ ಐದು ಅಲಾರಂಗಳು

ಬೆಳಗಿನ ಜಾವ 4:50ಕ್ಕೆ ಅಕ್ಕನ ಫೋನ್ ಬಂತು. "ಎಲ್ರೂ ಮನೆ ಹೊರಗೆ ನಿಂತಿದ್ದೀವಿ ಕಣೋ. ಅಲಾರಂ ನಿಲ್ತಾನೇ ಇಲ್ಲ. ಅತ್ತೆಗೆ ತಲೆ ಸುತ್ತುತ್ತಿದೆಯಂತೆ. ಫೈರ್‌ನವರಿಗೆ ಹೇಳಿದ್ದೀವಿ, ನೀನೂ ಬಾ."

ನಾನು ಮನೆಗಳ ವೈರಿಂಗ್ ಕೆಲಸ ಮಾಡುವವನು. ನಾಲ್ಕು ವರ್ಷದ ಹಿಂದೆ ಆ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಕೊಟ್ಟವನು ನಾನೇ. ಆ ರಾತ್ರಿ ಐದು ಜನರೂ ಉಳಿದುಕೊಂಡರು. ಆದರೆ ಎರಡು ದಿನ ಬಿಟ್ಟು ಏಣಿ ಹಾಕಿ ಒಂದೊಂದೇ ಅಲಾರಂ ಕೆಳಗಿಳಿಸಿ ನೋಡಿದಾಗ ನನ್ನ ಕೈ ನಡುಗಿತು. ಏನಾಯಿತು, ಯಾಕಾಯಿತು, ಆಮೇಲೆ ಏನು ಬದಲಾಯಿಸಿದೆವು ಅಂತ ಬಿಡದೆ ಬರೆಯುತ್ತಿದ್ದೇನೆ. ನನ್ನ ತಪ್ಪೂ ಇದರಲ್ಲಿದೆ.

ಐದಿವೆ ಅನ್ನುವ ಧೈರ್ಯ

ಎರಡು ಅಂತಸ್ತಿನ ಮನೆ. ಕೆಳಗೆ ಹಾಲ್, ಅಡುಗೆಮನೆ, ಒಂದು ರೂಮು, ಬಾತ್‌ರೂಮು. ಹಿಂದುಗಡೆ ಬಟ್ಟೆ ಒಗೆಯುವ ಚಿಕ್ಕ ಕೋಣೆ. ಗ್ಯಾಸಿನಿಂದ ನೀರು ಕಾಯಿಸುವ ದೊಡ್ಡ ಟ್ಯಾಂಕ್ ಇರುವುದು ಆ ಕೋಣೆಯಲ್ಲೇ. ಅದರ ಹೊಗೆ ಕೊಳವೆ ಚಾವಣಿ ದಾಟಿ ಹೊರಗೆ ಹೋಗುತ್ತದೆ. ನಲ್ಲಿ ತಿರುಗಿಸದಿದ್ದರೂ, ಟ್ಯಾಂಕಿನ ನೀರು ತಣ್ಣಗಾದಾಗಲೆಲ್ಲ ಬರ್ನರ್ ತಾನಾಗಿ ಹೊತ್ತಿಕೊಳ್ಳುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೂ ಅಷ್ಟೇ.

ಮೇಲೆ ಎರಡು ಬೆಡ್‌ರೂಮು. ಒಂದರಲ್ಲಿ ಅಕ್ಕ, ಭಾವ. ಇನ್ನೊಂದರಲ್ಲಿ ಹನ್ನೆರಡು ವರ್ಷದ ಮಗಳು, ಆರು ವರ್ಷದ ಮಗ. ಕೆಳಗಿನ ರೂಮಿನಲ್ಲಿ ಅಕ್ಕನ ಅತ್ತೆ. ಮಕ್ಕಳ ಜೊತೆ ನಾನೂ ಅವರನ್ನು ಅಜ್ಜಿ ಅಂತಲೇ ಕರೆಯುತ್ತೇನೆ. ಅಜ್ಜಿಗೆ ಕಿವಿ ಮಂದ. ಮಲಗುವಾಗ ಕಿವಿಯ ಮಷೀನ್ ತೆಗೆದಿಡುತ್ತಾರೆ. ಮೊದಲು ಅವರೂ ಮೇಲೆಯೇ ಮಲಗುತ್ತಿದ್ದರು. ಎರಡು ವರ್ಷದ ಹಿಂದೆ ಮಂಡಿನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತಲು ಆಗದೆ ಕೆಳಗೆ ಬಂದರು. ಮಂಚ ಬಂತು, ಬೀರು ಬಂತು, ಗೋಡೆಯ ಮೇಲಿದ್ದ ಫೋಟೋ ಕೂಡ ಕೆಳಗೆ ಬಂತು.

ಅಲಾರಂ ಮಾತ್ರ ಬರಲಿಲ್ಲ.

ಮನೆಯಲ್ಲಿ ಅಲಾರಂ ಇದೆಯಾ ಅಂತ ಯಾರಾದರೂ ಕೇಳಿದರೆ ಭಾವ "ಐದಿವೆ" ಅನ್ನುತ್ತಿದ್ದರು. ಲೆಕ್ಕ ಸರಿಯೇ. ಅಡುಗೆಮನೆಯಲ್ಲಿ ಒಂದು ಹೊಗೆ ಅಲಾರಂ, ಮೆಟ್ಟಿಲ ಮೇಲ್ಭಾಗದಲ್ಲಿ ಒಂದು, ಮಕ್ಕಳ ರೂಮಿನಲ್ಲಿ ಒಂದು. ಅಡುಗೆಮನೆಯ ನೆಲದ ಹತ್ತಿರ ಗ್ಯಾಸ್ ಸೋರಿಕೆ ಅಲಾರಂ. ಮೇಲಿನ ಪ್ಯಾಸೇಜಿನಲ್ಲಿ, ಎರಡು ಬೆಡ್‌ರೂಮಿನ ಬಾಗಿಲ ನಡುವೆ, ನಾನು ಹಾಕಿದ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಈ ಐದರಲ್ಲಿ ಆ ರಾತ್ರಿ ಕೆಲಸಕ್ಕೆ ಬಂದದ್ದು ಒಂದೇ. ಅದನ್ನೂ ಒಂದು ಸಲ ಬಾಯಿ ಮುಚ್ಚಿಸಿದ್ದರು.

ಆ ರಾತ್ರಿ

ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಒಗೆದ ಬಟ್ಟೆ ಒಣಗಿರಲಿಲ್ಲ. ಅಕ್ಕ ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿ, ಪಕ್ಕದ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಎರಡರ ನಡುವಿನ ಬಾಗಿಲು ತೆರೆದಿಟ್ಟು, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಮಲಗಲು ಹೋದಳು. ಆಗ ರಾತ್ರಿ 9 ಗಂಟೆ.

ಇದರಲ್ಲಿ ತಪ್ಪು ಅನ್ನಿಸುವಂಥದ್ದು ಏನೂ ಇಲ್ಲ, ಅಲ್ವಾ? ಆದರೆ ಫ್ಯಾನ್ ಎಷ್ಟು ಗಾಳಿಯನ್ನು ಹೊರಗೆ ದೂಡುತ್ತದೋ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು. ಉಳಿದ ದೊಡ್ಡ ದಾರಿ ಅಂದರೆ ಟ್ಯಾಂಕಿನ ಹೊಗೆ ಕೊಳವೆ. ಮೇಲಕ್ಕೆ ಹೋಗಬೇಕಿದ್ದ ಹೊಗೆಗಾಳಿಯನ್ನು ಫ್ಯಾನ್ ಅದೇ ಕೊಳವೆಯಿಂದ ವಾಪಸ್ ಎಳೆದುಕೊಂಡಿತು. ಬರ್ನರ್ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡು ಉರಿಯತೊಡಗಿತು. ಅದರ ಬಾಯಲ್ಲಿ ಮೊದಲೇ ದೂಳು, ಬಟ್ಟೆಯ ಜುಂಗು ಸೇರಿಕೊಂಡಿತ್ತು. ನೀಲಿಯಾಗಿ ಉರಿಯಬೇಕಾದ ಉರಿ ಹಳದಿಗೆ ತಿರುಗಿತು. ಗ್ಯಾಸ್ ಪೂರ್ತಿ ಉರಿಯದೆ ಅರೆಬರೆ ಉರಿದರೆ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ.

ರಾತ್ರಿ 2:40ಕ್ಕೆ ಮೇಲಿನ ಪ್ಯಾಸೇಜಿನ ಅಲಾರಂ ಹೊಡೆದುಕೊಂಡಿತು. ಜೋರಾಗಿ ನಾಲ್ಕು ಬೀಪ್, ಸ್ವಲ್ಪ ಹೊತ್ತು ಮೌನ, ಮತ್ತೆ ನಾಲ್ಕು ಬೀಪ್. ಭಾವ ಎದ್ದು ಸ್ಟೂಲ್ ಹಾಕಿ ಅದನ್ನು ಇಳಿಸಿದರು. ಮೂಗಿಗೆ ಯಾವ ವಾಸನೆಯೂ ಇಲ್ಲ. ಹೊಗೆಯೂ ಕಾಣುತ್ತಿಲ್ಲ. ಬ್ಯಾಟರಿ ಹೋಗಿರಬೇಕು ಅಂದುಕೊಂಡರು. ಹಳೆಯ ಬ್ಯಾಟರಿ ತೆಗೆದು, ಡ್ರಾಯರ್‌ನಲ್ಲಿದ್ದ ಹೊಸದು ಹಾಕಿದರು. ಒಂದು ಸಣ್ಣ ಬೀಪ್ ಬಂತು, ಹಸಿರು ದೀಪ ಮಿನುಗಿತು. ಸದ್ದು ನಿಂತಿತು. "ನೋಡಿದ್ಯಾ, ಬ್ಯಾಟರೀನೇ" ಅಂತ ಅಕ್ಕನಿಗೆ ಹೇಳಿ ಮಲಗಿದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಇದೇ ಕ್ಷಣ.

ಹೊಗೆ ಅಲಾರಂ ಹೊಗೆ ಕಂಡ ಕೂಡಲೇ ಕೂಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಗಲ್ಲ. ಅದು ಗಾಳಿಯಲ್ಲಿ ಎಷ್ಟಿದೆ ಅಂತ ಮಾತ್ರ ನೋಡುವುದಿಲ್ಲ, ಎಷ್ಟು ಹೊತ್ತಿನಿಂದ ಇದೆ ಅಂತಲೂ ಲೆಕ್ಕ ಇಡುತ್ತದೆ. ರಕ್ತಕ್ಕೆ ವಿಷ ಏರುವುದು ನಿಧಾನವಾಗಿ, ಅದಕ್ಕೇ ಹೀಗೆ. ಅಮೆರಿಕದ ಯುಎಲ್ 2034 ಮಾನದಂಡದಲ್ಲಿ 70 ಪಿಪಿಎಂ ಇದ್ದರೆ 60ರಿಂದ 240 ನಿಮಿಷದೊಳಗೆ, 150 ಇದ್ದರೆ 10ರಿಂದ 50 ನಿಮಿಷದೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಯುರೋಪಿನ ಇಎನ್ 50291 ಪ್ರಕಾರ 50 ಪಿಪಿಎಂಗೆ 60ರಿಂದ 90 ನಿಮಿಷ, 100ಕ್ಕೆ 10ರಿಂದ 40 ನಿಮಿಷ, 300ಕ್ಕೆ 3 ನಿಮಿಷದೊಳಗೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ.

ಭಾವ ಬ್ಯಾಟರಿ ತೆಗೆದಾಗ ಅಲಾರಂ ಅಲ್ಲಿಯವರೆಗೆ ಇಟ್ಟ ಲೆಕ್ಕವನ್ನೆಲ್ಲ ಮರೆಯಿತು. ಹೊಸ ಬ್ಯಾಟರಿ ಹಾಕಿದಾಗ ಸೊನ್ನೆಯಿಂದ ಎಣಿಸಲು ಶುರು ಮಾಡಿತು. ಅದು ಸುಮ್ಮನಾಗಿದ್ದು ಬ್ಯಾಟರಿ ಸರಿಹೋಯಿತು ಅಂತ ಅಲ್ಲ. ಮನೆಯ ಗಾಳಿ ಮೊದಲಿನಂತೆಯೇ ಇತ್ತು. ಮಲಗಿದವರ ರಕ್ತದ ಲೆಕ್ಕ ಸೊನ್ನೆಯಾಗಿರಲಿಲ್ಲ. ಹೊಸ ಬ್ಯಾಟರಿ ಹಾಕಿದ ಮೇಲೆ ಸದ್ದು ನಿಂತರೆ ಯಾರಿಗಾದರೂ ಬ್ಯಾಟರಿಯದ್ದೇ ತಪ್ಪು ಅನ್ನಿಸುತ್ತದೆ. ಭಾವ ಅಜಾಗರೂಕ ಮನುಷ್ಯ ಅಲ್ಲವೇ ಅಲ್ಲ. ಬೀಪಿನ ಭಾಷೆಯನ್ನು ಅವರಿಗೆ ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಬ್ಯಾಟರಿ ಮುಗಿಯುತ್ತಾ ಬಂದಾಗ ಬರುವುದು ಒಂದೇ ಒಂದು ಸಣ್ಣ "ಚಿರ್ಪ್", ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ. ಜೋರಾಗಿ ಮೂರು ಬೀಪ್, ಮೌನ, ಮತ್ತೆ ಮೂರು ಬಂದರೆ ಹೊಗೆ. ನಾಲ್ಕು ಬೀಪ್, ಮೌನ, ಮತ್ತೆ ನಾಲ್ಕು ಬಂದರೆ ಕಾರ್ಬನ್ ಮೊನಾಕ್ಸೈಡ್. ಎಲ್ಲ ಕಡೆಯ ಎಲ್ಲ ಮಾದರಿಯೂ ಇದೇ ಪದ್ಧತಿಯಲ್ಲಿ ಕೂಗುವುದಿಲ್ಲ. ಆದ್ದರಿಂದ ನಿಮ್ಮ ಅಲಾರಂನ ಹಿಂದಿನ ಚೀಟಿಯನ್ನು ಇವತ್ತೇ, ಹಗಲಿನಲ್ಲೇ ಓದಿ.

4:25ಕ್ಕೆ ಅಲಾರಂ ಮತ್ತೆ ಕೂಗಿತು. ಈ ಸಲ ಭಾವ ಏಳುವಾಗಲೇ ಕಾಲು ತೂಗಾಡಿತಂತೆ. ಅಕ್ಕನಿಗೆ ಹಣೆ ಬಿಗಿದು ಹಿಡಿದಂಥ ತಲೆನೋವು. "ಹೊಸ ಬ್ಯಾಟರಿನೂ ಹೋಯ್ತಾ?" ಅಂತ ಭಾವ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಮಗಳು ಬಂದು ಮೊಬೈಲ್ ಟಾರ್ಚ್ ಹಾಕಿದಳು. ಹಿಂದೆ ಸಣ್ಣಕ್ಷರದಲ್ಲಿ ಇದ್ದದ್ದನ್ನು ಓದಿದಳು. "ಅಪ್ಪ, ನಾಲ್ಕು ಸಲ ಬೀಪ್ ಬಂದ್ರೆ ಎಲ್ಲರೂ ಹೊರಗೆ ಹೋಗಬೇಕಂತೆ ಇದರಲ್ಲಿ." ಅವಳ ಆ ಒಂದು ಮಾತು ಐದು ಜೀವ ಉಳಿಸಿತು ಅಂತಲೇ ನಾನು ನಂಬುತ್ತೇನೆ.

ಅಕ್ಕ ಚಿಕ್ಕವನನ್ನು ಎತ್ತಿಕೊಂಡಳು. ಭಾವ ಕೆಳಗೆ ಅಜ್ಜಿಯ ರೂಮಿಗೆ ಓಡಿದರು. ಅಜ್ಜಿ ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟರು, ಆದರೆ ಮಾತು ತೊದಲುತ್ತಿತ್ತು. ಭಾವ ಅವರನ್ನು ತಬ್ಬಿ ಹಿಡಿದು ಹೊರಗೆ ನಡೆಸಿಕೊಂಡು ಬಂದರು. ಯಾರೂ ಕಿಟಕಿ ತೆರೆಯುತ್ತಾ ಒಳಗೆ ನಿಲ್ಲಲಿಲ್ಲ, ಯಾವುದು ಕಾರಣ ಅಂತ ಹುಡುಕಲು ಹೋಗಲಿಲ್ಲ. ಅದು ತುಂಬ ಸರಿಯಾದ ಕೆಲಸ. ಮೊದಲು ಜನ ಹೊರಗೆ ಬರಬೇಕು, ಹೊರಗೆ ನಿಂತೇ ತುರ್ತು ನಂಬರಿಗೆ ಫೋನ್ ಮಾಡಬೇಕು. ಸಿಬ್ಬಂದಿ ಅಳೆದು ನೋಡಿ ಹೋಗಬಹುದು ಅನ್ನುವವರೆಗೆ ಚಪ್ಪಲಿಗೂ ಒಳಗೆ ಹೋಗಬಾರದು.

ಅಳತೆ ಮತ್ತು ಆಸ್ಪತ್ರೆ

ನಾನು ಹೋಗುವಷ್ಟರಲ್ಲಿ ಅಗ್ನಿಶಾಮಕದವರು ಮುಖಕ್ಕೆ ಮಾಸ್ಕ್ ಹಾಕಿ, ಕೈಯಲ್ಲಿ ಮೀಟರ್ ಹಿಡಿದು ಒಳಗೆ ಹೋಗಿ ಬಂದಿದ್ದರು. ಮೇಲಿನ ಪ್ಯಾಸೇಜಿನಲ್ಲಿ 72 ಪಿಪಿಎಂ. ಕೆಳಗೆ ಅಜ್ಜಿಯ ರೂಮಿನ ಬಾಗಿಲಲ್ಲಿ 110. ಟ್ಯಾಂಕ್ ಇದ್ದ ಕೋಣೆಯಲ್ಲಿ 180. ಅಂದರೆ ಅಲಾರಂ ಇದ್ದದ್ದು ಮನೆಯಲ್ಲಿ ವಿಷ ಅತಿ ಕಮ್ಮಿ ಇದ್ದ ಜಾಗದಲ್ಲಿ. ಅತಿ ಜಾಸ್ತಿ ಇದ್ದ ಕಡೆ ಮಲಗಿದ್ದವರು ಕಿವಿ ಕೇಳದ ಎಪ್ಪತ್ತೆಂಟು ವರ್ಷದ ಅಜ್ಜಿ.

ಆಂಬುಲೆನ್ಸ್‌ಗಿಂತ ಮೊದಲು ಪಕ್ಕದ ಮನೆಯವರು ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದುಕೊಟ್ಟರು. ಅಜ್ಜಿಗೆ ಹಾಕಿದರೆ 98 ತೋರಿಸಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಆ 98 ಸುಳ್ಳು. ಕಾರ್ಬನ್ ಮೊನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ರಕ್ತವೂ ಕೆಂಪಗೇ ಇರುತ್ತದೆ. ಸಾಮಾನ್ಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಅಕ್ಕ ಮೊದಲೇ "ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಡೀತು" ಅಂತ ಹೇಳಿದ್ದರಿಂದ ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್‌ನಲ್ಲಿ ವಿಷ ಅಂಟಿದ ಪಾಲು ಅಜ್ಜಿಗೆ ಶೇ. 14, ಚಿಕ್ಕವನಿಗೆ ಶೇ. 9, ಅಕ್ಕನಿಗೆ ಶೇ. 8. ಬೀಡಿ ಸಿಗರೇಟು ಸೇದದವರಲ್ಲಿ ಇದು ಶೇ. 2-3 ದಾಟುವುದಿಲ್ಲ.

ಅಜ್ಜಿಗೆ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರು. ಸುಮ್ನೆ ಹೊರಗಿನ ಗಾಳಿಯಲ್ಲಿ ಕೂತರೆ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಹೊರಗೆ ಬಂದ ಮೇಲೆ ಚೆನ್ನಾಗಿದ್ದೇವೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕಾದ್ದು ಇದಕ್ಕೇ. ಹೋದಾಗ ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು. ತಲೆನೋವು, ಸುಸ್ತು, ವಾಕರಿಕೆ ಅಂತ ಮಾತ್ರ ಹೇಳಿದರೆ ಯಾರಿಗಾದರೂ ಜ್ವರದ ನೆಗಡಿಯೇ ನೆನಪಾಗುತ್ತದೆ.

ಏಣಿ ಹಾಕಿ ನೋಡಿದಾಗ

ಎರಡು ದಿನ ಬಿಟ್ಟು, ಬರ್ನರ್ ಮತ್ತು ಕೊಳವೆ ರಿಪೇರಿ ಆದ ಮೇಲೆ, ನಾನು ಐದೂ ಅಲಾರಂ ಇಳಿಸಿ ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟೆ.

ಅಡುಗೆಮನೆಯದ್ದರಲ್ಲಿ ಬ್ಯಾಟರಿಯೇ ಇರಲಿಲ್ಲ. ಅದು ಒಲೆಯಿಂದ ಒಂದೂವರೆ ಮೀಟರ್ ದೂರದಲ್ಲಿತ್ತು. ಎಣ್ಣೆ ಕಾದರೂ ಸಾಕು, ಕಿರುಚುತ್ತಿತ್ತು. ಎಂಟು ತಿಂಗಳ ಹಿಂದೆ ಅಕ್ಕ ಬೇಸತ್ತು ಬ್ಯಾಟರಿ ಕಿತ್ತು ಹಾಕಿದ್ದಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ದಿನಕ್ಕೆರಡು ಸಲ ಸುಳ್ಳು ಕೂಗುವ ಅಲಾರಂ ಜೊತೆ ಯಾರೂ ಬಾಳಲಾರರು. ಅದು ಹಾಕಿದ ಜಾಗದ ತಪ್ಪು. ಹೊಗೆ ಅಲಾರಂ ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ ಇರಬೇಕು. ಅದೂ ಅಲ್ಲದೆ ಆ ಅಲಾರಂ ಅಯೊನೈಸೇಷನ್ ಮಾದರಿಯದ್ದು. ಅದರೊಳಗೆ ಅಮೆರಿಸಿಯಂ-241 ಅನ್ನುವ ವಿಕಿರಣ ವಸ್ತುವಿನ ಒಂದು ಕಣ ಇರುತ್ತದೆ. ಅದು ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹೊಗೆಯ ಕಣ ಬಂದರೆ ಆ ಹರಿವು ಕಮ್ಮಿಯಾಗಿ ಅಲಾರಂ ಹೊಡೆಯುತ್ತದೆ. ಧಗ್ಗನೆ ಹೊತ್ತಿಕೊಳ್ಳುವ ಬೆಂಕಿಯ ಸಣ್ಣ ಕಣಗಳನ್ನು ಇದು ಬೇಗ ಹಿಡಿಯುತ್ತದೆ. ಅಡುಗೆಯ ಹಬೆ, ಎಣ್ಣೆ ಹೊಗೆಗೂ ಬೇಗ ಕೆರಳುತ್ತದೆ.

ಇನ್ನೊಂದು ಫೋಟೊಎಲೆಕ್ಟ್ರಿಕ್ ಮಾದರಿ. ಅದರೊಳಗೆ ಒಂದು ಕತ್ತಲೆಯ ಗೂಡು, ಒಂದು ಬೆಳಕಿನ ಕಿರಣ. ಹೊಗೆ ಒಳಗೆ ಬಂದರೆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ. ಹಾಸಿಗೆ, ಸೋಫಾ, ವೈರು ಇವೆಲ್ಲ ಉರಿಯುವ ಮೊದಲು ಗಂಟೆಗಟ್ಟಲೆ ಒಳಗೊಳಗೇ ಕನಲುತ್ತವಲ್ಲ, ಅಂಥ ದಪ್ಪ ಹೊಗೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಮಲಗುವ ಜಾಗಕ್ಕೆ ನನ್ನ ಆಯ್ಕೆ ಇದೇ. ಎರಡೂ ಸೇರಿದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಮೆಟ್ಟಿಲ ಮೇಲಿದ್ದದ್ದರ ಹಿಂದೆ ತಯಾರಾದ ದಿನಾಂಕ ನೋಡಿದೆ. ಹದಿಮೂರು ವರ್ಷ ಹಳೆಯದು. ಹೊಗೆ ಅಲಾರಂನ ಆಯಸ್ಸು ಹತ್ತು ವರ್ಷ. ಕೊಂಡ ದಿನದಿಂದ ಅಲ್ಲ, ತಯಾರಾದ ದಿನದಿಂದ. ನಾಲ್ಕು ವರ್ಷದ ಹಿಂದೆ ನಾನು ಬಂದಾಗ ಅದರ ಬಟನ್ ಒತ್ತಿ, ಸದ್ದು ಬಂತು ಅಂತ ಬಿಟ್ಟಿದ್ದೆ. ಆಗಲೇ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು. ಹಿಂದೆ ತಿರುಗಿಸಿ ನೋಡಿರಲಿಲ್ಲ.

ಮಕ್ಕಳ ರೂಮಿನದ್ದು ನನಗೆ ತುಂಬ ನೋವು ಕೊಟ್ಟಿತು. ಗೋಡೆಗೆ ಬಣ್ಣ ಹೊಡೆದಾಗ ಅಲಾರಂ ಇಳಿಸದೆ ಅದರ ಮೇಲೂ ರೋಲರ್ ಆಡಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು, ಚಾವಣಿಯ ಬಣ್ಣವೇ ಅದಕ್ಕೂ. ಹತ್ತಿರದಿಂದ ನೋಡಿದರೆ ಸುತ್ತಲಿನ ಸೀಳುಗಳೆಲ್ಲ ಬಣ್ಣ ಕುಡಿದು ಮುಚ್ಚಿಹೋಗಿದ್ದವು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು. ನಾನು ಬಟನ್ ಒತ್ತಿದೆ. ಕಿವಿ ಕಿತ್ತುಹೋಗುವಂತೆ ಕೂಗಿತು! ಭಾವ "ಸರಿ ಇದೆಯಲ್ಲ" ಅಂದರು. ಸರಿ ಇರಲಿಲ್ಲ. ಬಟನ್ ಒತ್ತಿದರೆ ಬ್ಯಾಟರಿ, ಸರ್ಕ್ಯೂಟ್, ಸದ್ದು ಸರಿ ಇದೆಯಾ ಅಂತ ಗೊತ್ತಾಗುತ್ತದೆ. ಹೊಗೆ ಒಳಗೆ ಹೋಗಲು ದಾರಿ ಇದೆಯಾ ಅಂತ ಗೊತ್ತಾಗುವುದಿಲ್ಲ. ಅದನ್ನು ಕಣ್ಣಿಂದಲೇ ನೋಡಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂನಲ್ಲೂ ಹಾಗೆಯೇ. ಬಟನ್ ಒತ್ತಿದ ಮಾತ್ರಕ್ಕೆ ಸೆನ್ಸರ್ ಗ್ಯಾಸನ್ನು ಗುರುತಿಸುತ್ತದೆ ಅಂತ ಖಾತ್ರಿಯಾಗುವುದಿಲ್ಲ. ಅದಕ್ಕೇ ಮುಗಿಯುವ ದಿನಾಂಕಕ್ಕೆ ಬೆಲೆ ಕೊಡಬೇಕು.

ಗ್ಯಾಸ್ ಸೋರಿಕೆ ಅಲಾರಂ ಚೆನ್ನಾಗಿತ್ತು. ಆದರೆ ಅದಕ್ಕೂ ಆ ರಾತ್ರಿಗೂ ಸಂಬಂಧವೇ ಇಲ್ಲ. "ಗ್ಯಾಸ್ ಅಲಾರಂ ಇದೆಯಲ್ಲ, ಅದು ಯಾಕೆ ಹೊಡೀಲಿಲ್ಲ?" ಅಂತ ಭಾವ ಕೇಳಿದರು. ಈ ಗೊಂದಲ ತುಂಬ ಮನೆಗಳಲ್ಲಿ ನೋಡಿದ್ದೇನೆ. ಅದು ಉರಿಯದೆ ಸೋರುವ ಅಡುಗೆ ಗ್ಯಾಸನ್ನು ಹಿಡಿಯುತ್ತದೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಹರಡುತ್ತದೆ. ಅದಕ್ಕೆ ಅಲಾರಂ ನೆಲದ ಹತ್ತಿರ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಉರಿದ ಮೇಲೆ. ಅದರ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ, ಗಾಳಿ ಹೋದಲ್ಲೆಲ್ಲ ಬೆರೆತು ಹೋಗುತ್ತದೆ. ಒಂದನ್ನು ಹಿಡಿಯುವ ಅಲಾರಂ ಇನ್ನೊಂದನ್ನು ಹಿಡಿಯುವುದಿಲ್ಲ.

ಐದನೆಯದು ಕೂಗಿದ ಅಲಾರಂ. ಏಳು ವರ್ಷದ ಆಯಸ್ಸಿನಲ್ಲಿ ನಾಲ್ಕು ಮುಗಿದಿತ್ತು, ಇನ್ನೂ ಮೂರು ಬಾಕಿ. ಅದು ತನ್ನ ಕೆಲಸ ಸರಿಯಾಗಿ ಮಾಡಿತ್ತು. ತಪ್ಪಿದ್ದು ನಾನು. ಅಜ್ಜಿ ಕೆಳಗೆ ಬಂದ ದಿನ ಮಂಚ ಇಳಿಸಲು ನಾನೂ ಕೈ ಹಾಕಿದ್ದೆ. ಅವರ ಹೊಸ ರೂಮು ಟ್ಯಾಂಕಿನ ಕೋಣೆಗೆ ಅಂಟಿಕೊಂಡಿದೆ ಅನ್ನುವುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಯಾರು ಎಲ್ಲಿ ಮಲಗುತ್ತಾರೆ ಅನ್ನುವುದು ಬದಲಾದ ದಿನವೇ ಅಲಾರಂಗಳ ಜಾಗವನ್ನೂ ಮತ್ತೆ ನೋಡಬೇಕು. ಮಗು ಬೇರೆ ರೂಮಿಗೆ ಹೋದರೂ, ಬಾಡಿಗೆಗೆ ಯಾರಾದರೂ ಬಂದರೂ, ಹೊಸ ಬಾಗಿಲು ಕೂರಿಸಿದರೂ ಅಷ್ಟೇ. ಈಗ ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಇದು: ರಾತ್ರಿ ಯಾರು ಎಲ್ಲಿ ಮಲಗುತ್ತೀರಿ?

ಮತ್ತೆ ಹಾಕಿದ್ದು

ಒಂದೇ ಮಾತಿನಲ್ಲಿ ಹೇಳಿದರೆ: ಪ್ರತಿ ಮಲಗುವ ರೂಮಿನ ಒಳಗೆ ಒಂದು ಹೊಗೆ ಅಲಾರಂ, ಆ ರೂಮುಗಳ ಹೊರಗಿನ ಪ್ಯಾಸೇಜಿನಲ್ಲಿ ಒಂದು, ಪ್ರತಿ ಅಂತಸ್ತಿನಲ್ಲಿ ಕನಿಷ್ಠ ಒಂದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಪ್ರತಿ ಅಂತಸ್ತಿನಲ್ಲೂ, ಮಲಗುವ ಜಾಗಗಳ ಹತ್ತಿರ. ಕೆಳಗಿನ ಪ್ಯಾಸೇಜಿನಲ್ಲಿ, ಅಜ್ಜಿಯ ಬಾಗಿಲ ಪಕ್ಕ, ಈಗ ಎರಡನ್ನೂ ಹಿಡಿಯುವ ಜೋಡಿ ಅಲಾರಂ ಇದೆ. ಅಡುಗೆಮನೆಯಲ್ಲಿ ಹೊಗೆ ಅಲಾರಂ ತೆಗೆದು ಬಿಸಿಗೆ ಕೂಗುವ ಹೀಟ್ ಅಲಾರಂ ಹಾಕಿದೆ. ಸುಮಾರು 57-58 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೊಡೆಯುತ್ತದೆ, ಅಡುಗೆ ಹೊಗೆಗೆ ಜಗ್ಗುವುದಿಲ್ಲ. ಇದು ಹೊಗೆ ಅಲಾರಂಗೆ ಬದಲಿ ಅಲ್ಲ, ಜೊತೆಗೆ ಇರಬೇಕಾದ್ದು.

ಎಲ್ಲವೂ ವೈರ್‌ಲೆಸ್ ಆಗಿ ಒಂದಕ್ಕೊಂದು ಕೂಡಿಕೊಂಡಿವೆ. ಕೆಳಗಿನದು ಹೊಡೆದರೆ ಮೇಲಿನದೂ ಹೊಡೆಯುತ್ತದೆ. ಒಂದೇ ಕಡೆ ದುಡ್ಡು ಜಾಸ್ತಿ ಹಾಕುವುದಾದರೆ ಇದಕ್ಕೇ ಹಾಕಿ ಅಂತ ನಾನು ಹೇಳುತ್ತೇನೆ. ಮುಚ್ಚಿದ ಎರಡು ಬಾಗಿಲಾಚೆ ಕೂಗುವ ಅಲಾರಂ ನಿದ್ದೆಯಲ್ಲಿರುವವರಿಗೆ ಕೇಳುವುದೇ ಕಷ್ಟ.

ಜಾಗದ ವಿಷಯ. ಹೊಗೆ ಮೇಲೇರುತ್ತದೆ, ಆದ್ದರಿಂದ ಚಾವಣಿಯ ನಡುಭಾಗ ಒಳ್ಳೆಯದು. ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಗಾಳಿ ಆಡುವುದು ಕಮ್ಮಿ, ಅಲ್ಲಿಂದ 10 ಸೆಂಟಿಮೀಟರ್ ಬಿಡಿ. ಗೋಡೆಗೆ ಹಾಕುವುದಾದರೆ ಚಾವಣಿಯಿಂದ 30 ಸೆಂಟಿಮೀಟರ್ ಒಳಗೇ ಇರಲಿ. ಬಾತ್‌ರೂಮ್ ಬಾಗಿಲು ಮತ್ತು ಫ್ಯಾನಿನ ರೆಕ್ಕೆಯ ತುದಿಯಿಂದ ಸುಮಾರು ಒಂದು ಮೀಟರ್ ದೂರ. ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಎತ್ತರ ಅಷ್ಟು ಮುಖ್ಯವಲ್ಲ, ಮಲಗಿದವರ ತಲೆಯ ಮಟ್ಟವೂ ಆದೀತು. ಪರದೆ ಹಿಂದೆ, ಬೀರು ಹಿಂದೆ ಮಾತ್ರ ಬೇಡ. ಬರ್ನರಿನ ಮಗ್ಗುಲಲ್ಲೂ ಬೇಡ, ಹೊತ್ತಿಕೊಳ್ಳುವಾಗ ಬರುವ ಚೂರುಪಾರಿಗೆಲ್ಲ ಕೆರಳುತ್ತದೆ. ಎಷ್ಟು ದೂರ ಅನ್ನುವುದು ಅದರದ್ದೇ ಕೈಪಿಡಿಯಲ್ಲಿರುತ್ತದೆ.

ಅಜ್ಜಿಗೆ ಬೇರೆಯೇ ವ್ಯವಸ್ಥೆ ಬೇಕಿತ್ತು. ಸಾಮಾನ್ಯ ಅಲಾರಂ ಸುಮಾರು 3,000 ಹರ್ಟ್ಸ್‌ನ ಕೀರಲು ದನಿಯಲ್ಲಿ ಕೂಗುತ್ತದೆ. ವಯಸ್ಸಾದಂತೆ ಮೊದಲು ಕೇಳದಾಗುವುದು ಈ ಕೀರಲು ದನಿಯೇ. ಅವರ ರೂಮಿಗೆ 520 ಹರ್ಟ್ಸ್‌ನ ತಗ್ಗು ದನಿಯ ಸಾಧನ ಹಾಕಿದೆವು. ಜೊತೆಗೆ ಮಿಂಚುವ ದೀಪ, ದಿಂಬಿನ ಕೆಳಗೆ ನಡುಗುವ ಪ್ಯಾಡ್. ಮೊದಲ ಸಲ ಪ್ಯಾಡ್ ನಡುಗಿದಾಗ ಅಜ್ಜಿ ದಡಬಡಿಸಿ ಎದ್ದು ಕೂತು, ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಸತ್ತವರನ್ನೂ ಎಬ್ಬಿಸತ್ತೆ, ಇರಲಿ ಬಿಡು" ಅಂದರು.

ಏಳದ ಮಗು

ಎಲ್ಲ ಹಾಕಿದ ಮೇಲೆ ಒಂದು ರಾತ್ರಿ 11 ಗಂಟೆಗೆ, ಮಕ್ಕಳು ಗಾಢ ನಿದ್ದೆಯಲ್ಲಿದ್ದಾಗ, ಕೆಳಗಿನ ಅಲಾರಂನ ಬಟನ್ ಒತ್ತಿ ಹಿಡಿದೆ. ಒಟ್ಟಿಗೆ ಎಲ್ಲವೂ ಕೂಗಿದವು. ಮಗಳು ಎದ್ದು ಬಾಗಿಲಿಗೆ ಬಂದಳು. ಚಿಕ್ಕವನು ಏಳಲಿಲ್ಲ. ಅವನ ತಲೆಯ ಮೇಲೇ, ಮೂರು ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೇಳಿಸುವ ಅಲಾರಂ ಅರಚುತ್ತಿತ್ತು. ಅವನು ಒಮ್ಮೆ ಮಗ್ಗುಲಾದ, ಬಾಯಿ ಚಪ್ಪರಿಸಿದ, ಮತ್ತೆ ಮಲಗಿದ. ಅಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಾ ಅತ್ತುಬಿಟ್ಟಳು.

ಇದು ಆ ಮಗುವಿನ ವಿಶೇಷ ಅಲ್ಲ. ಚಿಕ್ಕ ಮಕ್ಕಳ ನಿದ್ದೆ ಆಳ, ಕೀರಲು ಅಲಾರಂಗೆ ಏಳದೆ ಇರುವುದು ಸಾಮಾನ್ಯ. ಅಲಾರಂ ಹೊಡೆದರೆ ಮಗು ತಾನಾಗಿ ಎದ್ದು ಬರುತ್ತದೆ ಅಂತ ಯಾವ ಅಪ್ಪ ಅಮ್ಮನೂ ನಂಬಿಕೊಂಡು ಮಲಗಬಾರದು. ಆ ರಾತ್ರಿಯೇ ಕೆಲಸ ಹಂಚಿಕೊಂಡೆವು. ಚಿಕ್ಕವನನ್ನು ಎತ್ತಿಕೊಳ್ಳುವುದು ಅಕ್ಕ. ಅಜ್ಜಿಯನ್ನು ಕರೆತರುವುದು ಭಾವ. ಮಗಳು ನೇರ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತು ಫೋನ್ ಮಾಡುವುದು. ಹಗಲಲ್ಲಿ ಗೇಟಿನ ಹತ್ತಿರ ತಲೆ ಎಣಿಸುವ ಕೆಲಸ ಚಿಕ್ಕವನದು.

ನಿತ್ಯದ ನಿಗಾ

ಪ್ರತಿ ತಿಂಗಳ 1ನೇ ತಾರೀಕು ಬಟನ್ ಒತ್ತಿ ನೋಡುವುದು ಮಗಳ ಕೆಲಸ. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೆದು ಬ್ರಷ್‌ನಿಂದ ಸೀಳುಗಳ ದೂಳು ತೆಗೆಯಬೇಕು. ಚಿಕ್ಕ ಜೇಡ ಒಳಗೆ ನುಗ್ಗಿ ಬಲೆ ಕಟ್ಟಿದರೂ ಅದನ್ನೇ ಹೊಗೆ ಅಂತ ತಿಳಿದು ನಡುರಾತ್ರಿ ಕೂಗುವುದುಂಟು. ನೀರು, ಸೋಪು, ಸ್ಪ್ರೇ ಹಾಕಬಾರದು. ಬಣ್ಣ ಹೊಡೆಸುವಾಗ ಅಲಾರಂ ಇಳಿಸಿ ದೂರ ಇಡಬೇಕು, ಥಿನ್ನರ್ ಆವಿ ಸೆನ್ಸರಿಗೆ ಒಳ್ಳೆಯದಲ್ಲ. ಆದರೆ ಅದೇ ಸಂಜೆ ವಾಪಸ್ ಹಾಕಲು ಮರೆಯಬಾರದು.

ಬದಲಾಯಿಸುವ ಬ್ಯಾಟರಿ ಇದ್ದರೆ ವರ್ಷಕ್ಕೊಮ್ಮೆ ಹೊಸದು. ಹತ್ತು ವರ್ಷದ ಸೀಲ್ ಬ್ಯಾಟರಿ ಇದ್ದರೆ ಆ ತಲೆನೋವಿಲ್ಲ. ಬ್ಯಾಟರಿಯ ಚಿರ್ಪ್ ಯಾವಾಗಲೂ ಬೆಳಗಿನ ಜಾವವೇ ಯಾಕೆ ಶುರುವಾಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಚಳಿಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ, ಮನೆ ಅತಿ ತಣ್ಣಗಿರುವುದು ಆ ಹೊತ್ತಿಗೇ. ಹಗಲಾದರೆ ಚಿರ್ಪ್ ನಿಂತುಹೋಗಬಹುದು, ನಿಂತಿತು ಅಂತ ಬಿಡಬೇಡಿ. ಸುಳ್ಳು ಅಲಾರಂ ಬಂದರೆ ಬ್ಯಾಟರಿ ಕೀಳುವ ಬದಲು ಅದರಲ್ಲಿರುವ ಮೌನದ ಬಟನ್ ಒತ್ತಿ. ಹೆಚ್ಚಿನವು ಕೆಲವು ನಿಮಿಷ ಸುಮ್ಮನಿದ್ದು ತಾವಾಗಿ ಮತ್ತೆ ಎಚ್ಚರವಾಗುತ್ತವೆ. ಪ್ರತಿ ಅಲಾರಂನ ಮುಖದ ಮೇಲೆ, ಕೆಳಗೆ ನಿಂತರೂ ಓದುವಂತೆ, ಬದಲಾಯಿಸಬೇಕಾದ ವರ್ಷವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಟ್ಯಾಂಕಿನ ಬರ್ನರ್ ಮತ್ತು ಹೊಗೆ ಕೊಳವೆಯನ್ನು ವರ್ಷಕ್ಕೊಮ್ಮೆ ಆ ಕೆಲಸ ಗೊತ್ತಿರುವವರು ನೋಡುತ್ತಾರೆ. ಆ ಕೋಣೆಗೆ ಹೊರಗಿನ ಗಾಳಿ ಬರುವ, ಮುಚ್ಚಲಾಗದ ಜಾಲರಿ ಕೂರಿಸಿದೆವು. ಅಲಾರಂಗಿಂತ ಮೊದಲಿನ ಕೆಲಸ ಅದು.

ಐದು ತಿಂಗಳ ನಂತರ

ಒಂದು ಮಧ್ಯಾಹ್ನ 3 ಗಂಟೆಗೆ ಅಕ್ಕ ಮತ್ತೆ ಫೋನ್ ಮಾಡಿದಳು. ನಾಲ್ಕು ಬೀಪ್. "ಫೈರ್‌ನವರಿಗೆ ಆಗಲೇ ಹೇಳಿದ್ದೀವಿ. ಎಲ್ರೂ ಗೇಟಿನ ಹತ್ರ ಇದ್ದೀವಿ, ಚಿಕ್ಕೋನು ಎಣಿಸಿದ, ಐದೂ ಜನ. ಯಾರಿಗೂ ತಲೆನೋವಿಲ್ಲ."

ಟ್ಯಾಂಕ್ ಸರಿಯಾಗಿತ್ತು. ಸಿಬ್ಬಂದಿಯ ಮೀಟರ್ ಮೆಟ್ಟಿಲ ಕೆಳಗೆ ಏರಿತು. ಅಲ್ಲಿ ಇನ್ವರ್ಟರಿನ ಬ್ಯಾಟರಿ, ಹೊರಮೈ ಮುಟ್ಟಲಾಗದಷ್ಟು ಬಿಸಿ, ಕೊಳೆತ ಮೊಟ್ಟೆಯಂಥ ವಾಸನೆ. ಲೆಡ್ ಆಸಿಡ್ ಬ್ಯಾಟರಿ ಕೆಟ್ಟು ಚಾರ್ಜ್ ಜಾಸ್ತಿಯಾದರೆ ಹೈಡ್ರೋಜನ್ ಬಿಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿಯುವ ರಾಸಾಯನಿಕ ಸೆನ್ಸರ್ ಹೈಡ್ರೋಜನ್‌ಗೂ ಪ್ರತಿಕ್ರಿಯೆ ಕೊಡುತ್ತದೆ. ಹಾಗಂತ ಅದನ್ನು ಸುಳ್ಳು ಅಲಾರಂ ಅನ್ನಲಾಗದು. ಗಾಳಿಯಲ್ಲಿ ಶೇ. 4 ಹೈಡ್ರೋಜನ್ ಸೇರಿದರೆ ಒಂದು ಕಿಡಿಗೆ ಸಿಡಿಯಬಹುದು. ಆ ಬ್ಯಾಟರಿಯನ್ನು ಅವತ್ತೇ ತೆಗೆಸಿದೆವು. ಹೊಸದನ್ನು ಗಾಳಿಯಾಡುವ ಕಡೆ, ಹೊರಗಿನ ಗೋಡೆಗೆ ಒರಗಿಸಿ ಇಟ್ಟಿದ್ದೇವೆ.

ಭಾವ ಅವತ್ತು ಸ್ಟೂಲ್ ಹತ್ತಿರವೂ ಹೋಗಿರಲಿಲ್ಲ. ಬೀಪ್ ಎಣಿಸಿ, ಅಜ್ಜಿಯ ಕೈ ಹಿಡಿದುಕೊಂಡು ಹೊರಗೆ ಬಂದಿದ್ದರು. ಅಜ್ಜಿಯ ಇನ್ನೊಂದು ಕೈಯಲ್ಲಿ ಕಿವಿಯ ಮಷೀನ್ ಇತ್ತು. ಗೇಟಿನ ಹತ್ತಿರ ನಿಂತು ಅದನ್ನು ಹಾಕಿಕೊಂಡರಂತೆ.